ಬೋರ್ಡ್ ಇರಲಿ, ಮೊದಲು ಬೂಟ್ ನೋಡಿ

ಸ್ನೋಬೋರ್ಡ್ (ಹಿಮದ ಮೇಲೆ ನಿಂತು ಜಾರುವ ಹಲಗೆ) ಕಲಿಯೋದು ಎರಡನೇ ಸೀಸನ್, ತಿರುಗಿಸೋದು ಈಗ ಬರುತ್ತಿದೆ, ಸೆಕೆಂಡ್‌ಹ್ಯಾಂಡ್ ಬೋರ್ಡಿನ ಲೋಹದ ಅಂಚು ತುಕ್ಕು ಹಿಡಿದಿದೆ, ಸುಲಭಕ್ಕೆ ಬಾಗದ ಗಟ್ಟಿಯಾದ ಹೊಸದು ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಗಟ್ಟಿ ಬೋರ್ಡ್ ಜೋರು ವೇಗದಲ್ಲಿ ಅಲುಗಾಡುವುದಿಲ್ಲ, ನಿಜ, ಆದರೆ ನಿಧಾನಕ್ಕೆ ಹೋಗುವಾಗ ನಮ್ಮ ಕಾಲಿನ ಮಾತು ಕೇಳುವುದಿಲ್ಲ, ಸ್ವಲ್ಪ ತಪ್ಪಿದರೂ ಅಂಚು ಹಿಮಕ್ಕೆ ಸಿಕ್ಕಿ ಬೀಳಿಸುತ್ತದೆ. ಸದ್ಯಕ್ಕೆ ಮೆತ್ತನೆಯದು ಅಥವಾ ಮಧ್ಯಮದ್ದೇ ಸರಿ.

ದುಡ್ಡಿದ್ದರೆ ಬೂಟಿಗೆ ಹಾಕಿ. ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು, ನೇರ ನಿಂತಾಗ ಬೆರಳು ತುದಿಗೆ ಸುಮ್ನೆ ತಾಕಿದರೆ ಸಾಕು.

ತುಕ್ಕು ಮೇಲ್ಮೇಲೆ ಇದ್ದರೆ ಗಮ್ಮಿ ಸ್ಟೋನಿನಿಂದ (ಅಂಚು ಉಜ್ಜುವ ರಬ್ಬರಿನಂಥ ಕಲ್ಲು) ಉಜ್ಜಿ, ಹೋಗುತ್ತದೆ. ಆಮೇಲೆ ಉಗುರನ್ನು ಅಂಚಿಗೆ ಅಡ್ಡ ಎಳೆದು ನೋಡಿ, ಉಗುರಿನ ಸಣ್ಣ ಪುಡಿ ಕೆರೆದು ಬಂದರೆ ಹರಿತ ಇದೆ ಅಂತ. ತಳ ಅಂಚಿನ ಪಕ್ಕ ಬೆಳ್ಳಗೆ ಒಣಗಿದಂತೆ ಕಂಡರೆ ವ್ಯಾಕ್ಸ್ (ತಳಕ್ಕೆ ಹಚ್ಚುವ ಮೇಣ) ಬೇಕು. ಐರನ್ನಿನಿಂದ ಕರಗಿಸಿ ಹಚ್ಚುವಾಗ ವ್ಯಾಕ್ಸ್ ಹೊಗೆಯಾಡಿದರೆ ಬಿಸಿ ಜಾಸ್ತಿಯಾಗಿದೆ, ಇಳಿಸಿ, ಒಂದೇ ಕಡೆ ನಿಲ್ಲಿಸಲೂ ಬೇಡಿ. ಪೂರ್ತಿ ಆರಿದ ಮೇಲೆ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು ತೆಗೆಯಿರಿ. ಮೇಲೆ ದಪ್ಪಗೆ ಉಳಿದರೆ ಬೋರ್ಡ್ ಓಡುವುದಿಲ್ಲ, ಕೆಲಸ ಮಾಡುವುದು ತಳದೊಳಗೆ ಇಳಿದದ್ದು ಅಲ್ವಾ.

ದಿನಾ ಅಂಚು ಒರೆಸಿಡಿ, ಒದ್ದೆ ಬ್ಯಾಗಿನಲ್ಲಿ ಬಿಡಬೇಡಿ. ಅಂಚು ಬಿರುಕು ಬಿಟ್ಟಿದ್ದರೆ ಅಥವಾ ಕಿತ್ತು ಬಂದಿದ್ದರೆ ಮಾತ್ರ ರಿಪೇರಿಯವರಿಗೆ ತೋರಿಸಿ.