ಫ್ಯಾನ್ ತಿರುಗ್ತಿದೆ, ಡಿಸ್‌ಪ್ಲೇ ಬರ್ತಿಲ್ಲ: ಇನ್ನೂ ಹತ್ತು ನಿಮಿಷ ಕಾಯ್ತೀರಾ?

ಪಿಯುಸಿ ರಿಸಲ್ಟ್ ಬಂದು, ಕಾಲೇಜು ಸಿಕ್ಕಿ, ಅಪ್ಪ ಅಮ್ಮನನ್ನು ಒಪ್ಪಿಸಿ ಹೊಸ ಕಂಪ್ಯೂಟರ್ ಜೋಡಿಸುವ ಕಾಲ ಇದು. ನನಗೆ ಒಂದೇ ಥರದ ಪತ್ರ ಬರುವ ಕಾಲವೂ ಹೌದು. "ಸರ್, ಡಿಸ್‌ಪ್ಲೇ ಬರ್ತಿಲ್ಲ, ಏನ್ ಮಾಡ್ಲಿ?" ಮುಗೀತು, ಅಷ್ಟೇ ಪತ್ರ. ಯಾವ ಮದರ್‌ಬೋರ್ಡು, ಯಾವ ಪ್ರೊಸೆಸರ್, ಫ್ಯಾನ್ ತಿರುಗುತ್ತಾ ಇಲ್ವಾ, ಬೋರ್ಡಿನ ಮೇಲೆ ಯಾವ ದೀಪ ಉರಿಯುತ್ತಿದೆ, ಒಂದೂ ಇಲ್ಲ. ಡಾಕ್ಟರ ಮುಂದೆ ಕೂತು "ಹುಷಾರಿಲ್ಲ" ಅಂದು ಬಾಯಿ ಮುಚ್ಚಿಕೊಂಡ ಹಾಗೆ. ಈ ಸಲ ಒಬ್ಬರು ಮಾತ್ರ ಎಲ್ಲ ವಿವರ ಬರೆದಿದ್ದಾರೆ. ಅದಕ್ಕೇ ಜಾಗವೆಲ್ಲ ಅವರಿಗೆ.

ಪ್ರಶ್ನೆ: ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ರೈಜನ್ 5 7600, ಬಿ650 ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ್‍ಯಾಮ್, ಆರ್‌ಟಿಎಕ್ಸ್ 4060 ಕಾರ್ಡ್, ಕರೆಂಟ್ ಒದಗಿಸುವ 650 ವ್ಯಾಟ್ ಎಸ್‌ಎಂಪಿಎಸ್. ನಾನೇ ಅಸೆಂಬಲ್ ಮಾಡಿದೆ. ಆನ್ ಮಾಡಿದರೆ ಎಲ್ಲ ಫ್ಯಾನ್ ತಿರುಗುತ್ತವೆ, ಮಾನಿಟರ್‌ನಲ್ಲಿ ಮಾತ್ರ ನೋ ಸಿಗ್ನಲ್. ಬೋರ್ಡಿನ ಅಂಚಿನಲ್ಲಿ 'ಡಿರ್‍ಯಾಮ್' ಅಂತ ಬರೆದಿರುವ ಕಡೆ ಹಳದಿ ದೀಪ ಉರಿಯುತ್ತಿದೆ. ಒಂದು ನಿಮಿಷ ನೋಡಿ ಆಫ್ ಮಾಡುತ್ತೇನೆ. ಹೀಗೆ ಇಪ್ಪತ್ತು ಸಲ ಆಗಿರಬೇಕು. ಇಲ್ಲಿ ಅಂಗಡಿಯಲ್ಲಿ ಕೇಳಿದರೆ ಬೋರ್ಡ್ ಹೋಗಿದೆ, ಹೊಸದು ಹಾಕಿಸಿ ಅಂದರು. ನಿಜವೇ?

ಉತ್ತರ: ಬೋರ್ಡನ್ನು ಕಣ್ಣಲ್ಲೂ ನೋಡದೆ ಹೋಗಿದೆ ಅಂದವರ ಅಂಗಡಿಗೆ ಇನ್ನೊಮ್ಮೆ ಹೋಗಬೇಡಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ: "ಒಂದು ನಿಮಿಷ ನೋಡಿ ಆಫ್ ಮಾಡುತ್ತೇನೆ." ಯಾಕೆ ಆಫ್ ಮಾಡಿದಿರಿ?

ಡಿಡಿಆರ್5 ರ್‍ಯಾಮ್ ಇರುವ ಹೊಸ ಬೋರ್ಡು ಮೊದಲ ಸಲ ಆನ್ ಆದಾಗ ಒಂದು ಕೆಲಸ ಮಾಡುತ್ತದೆ. ಅದರ ಹೆಸರು ಮೆಮೊರಿ ಟ್ರೈನಿಂಗ್. ಪ್ರೊಸೆಸರ್‌ನಿಂದ ರ್‍ಯಾಮ್‌ವರೆಗೆ ನೂರಾರು ಸಣ್ಣ ಗೆರೆಗಳು ಹೋಗುತ್ತವೆ ಅಲ್ವಾ, ಈ ವೇಗದಲ್ಲಿ ಒಂದೊಂದು ಗೆರೆಯಲ್ಲಿ ಸಿಗ್ನಲ್ ಒಂದು ಕೂದಲೆಳೆಯಷ್ಟು ಹಿಂದೆ ಮುಂದೆ ಬಂದರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಬೋರ್ಡು ನಿಮ್ಮ ರ್‍ಯಾಮ್ ಜೊತೆ ಹೀಗಾ ಹಾಗಾ ಅಂತ ಪ್ರಯೋಗ ಮಾಡಿ, ಯಾವ ಹೊಂದಾಣಿಕೆಯಲ್ಲಿ ತಪ್ಪಿಲ್ಲದೆ ಓದಬಹುದು ಅಂತ ಕಲಿತು, ಅದನ್ನು ಬರೆದಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತೂ ಪರದೆ ಕಪ್ಪು, ಆ ಹಳದಿ ದೀಪ ಉರಿಯುತ್ತಲೇ ಇರುತ್ತದೆ, ಕೆಲವು ಸಲ ತಾನೇ ಆಫ್ ಆಗಿ ಮತ್ತೆ ಆನ್ ಆಗುವುದೂ ಉಂಟು. ಕೆಲವು ನಿಮಿಷ ಹಿಡಿಯುತ್ತದೆ. ರ್‍ಯಾಮ್ ಜಾಸ್ತಿ ಇದ್ದಷ್ಟೂ ಹೊತ್ತು ಜಾಸ್ತಿ. ನೀವು ಮಧ್ಯದಲ್ಲಿ ಆಫ್ ಮಾಡಿದರೆ ಕಲಿತದ್ದೆಲ್ಲ ಹೋಗಿ ಮತ್ತೆ ಮೊದಲಿನಿಂದ ಶುರು. ಇಪ್ಪತ್ತು ಸಲ ಪರೀಕ್ಷೆ ಬರೆಯಲು ಕೂತವನ ಕೈಯಿಂದ ಇಪ್ಪತ್ತು ಸಲವೂ ಪೇಪರ್ ಕಿತ್ತುಕೊಂಡಿದ್ದೀರಿ.

ಮೊದಲು ಆನ್ ಮಾಡಿ, ಹೋಗಿ ಚಹಾ ಕುಡಿದು ಬನ್ನಿ. ಹದಿನೈದು ನಿಮಿಷ ಮುಟ್ಟಬೇಡಿ. ಈ ರೀತಿ ಎಷ್ಟು ಜನರ ಬೋರ್ಡು 'ರಿಪೇರಿ' ಮಾಡಿದ್ದೇನೋ ಲೆಕ್ಕವಿಲ್ಲ, ದುಡ್ಡು ತಗೊಳ್ಳಲು ನಾಚಿಕೆ ಆಗುತ್ತದೆ.

ಹದಿನೈದು ನಿಮಿಷ ಆದರೂ ಬರಲಿಲ್ಲವೆಂದರೆ ಸ್ಕ್ರೂ ಡ್ರೈವರ್ ತೆಗೆಯಿರಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಗೆಳೆಯನ ರ್‍ಯಾಮ್ ತಂದು ಹಾಕುವುದು, ಬೇರೆ ಎಸ್‌ಎಂಪಿಎಸ್ ಕೇಳಿ ತರುವುದು, ಇನ್ನೊಂದು ಕೇಬಲ್ ಕೊಳ್ಳುವುದು. ಸೇರಿಸುವುದಲ್ಲ, ತೆಗೆಯಬೇಕು. ಬೋರ್ಡು, ಪ್ರೊಸೆಸರ್, ಕೂಲರ್, ಒಂದೇ ಒಂದು ರ್‍ಯಾಮ್, ಎಸ್‌ಎಂಪಿಎಸ್. ಇಷ್ಟು ಬಿಟ್ಟು ಎಲ್ಲ ಹೊರಗೆ. ಗ್ರಾಫಿಕ್ಸ್ ಕಾರ್ಡೂ ಹೊರಗೆ. ನಿಮ್ಮ 7600ರ ಒಳಗೇ ಸಣ್ಣದೊಂದು ಗ್ರಾಫಿಕ್ಸ್ ಇದೆ, ಮಾನಿಟರ್ ಕೇಬಲ್ಲನ್ನು ಬೋರ್ಡಿಗೇ ಚುಚ್ಚಿ ನೋಡಬಹುದು. (7500ಎಫ್, ಹಳೆಯ 5600, ಇಂಟೆಲ್‌ನಲ್ಲಿ ಕೊನೆಗೆ ಎಫ್ ಅಕ್ಷರ ಇರುವವು, ಇವುಗಳಲ್ಲಿ ಅದು ಇಲ್ಲ. ಅವರು ಕಾರ್ಡ್ ಹಾಕಿ ಕಾರ್ಡಿಗೇ ಕೇಬಲ್ ಕೊಡಬೇಕು. ಬೋರ್ಡಿಗೆ ಚುಚ್ಚಿ ಡಿಸ್‌ಪ್ಲೇ ಬರ್ತಿಲ್ಲ ಅಂತ ನನಗೆ ಬರೆಯಬೇಡಿ, ದಯವಿಟ್ಟು.)

ಆ ಒಂದು ರ್‍ಯಾಮ್ ಎಲ್ಲಿ ಹಾಕಬೇಕು? ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಸ್ಲಾಟ್. ಮ್ಯಾನ್ಯುಯಲ್‌ನಲ್ಲಿ ಎ2 ಅಂತ ಇರುತ್ತದೆ. ಎರಡು ರ್‍ಯಾಮ್ ಆದರೆ ಎರಡು ಮತ್ತು ನಾಲ್ಕು, ಒಂದು ಮತ್ತು ಎರಡಲ್ಲ. ಕೂರಿಸುವಾಗ ಹೆದರಿ ಹೆದರಿ ಒತ್ತುತ್ತೀರಿ, ಅದೇ ತೊಂದರೆ. ಈಗಿನ ಬೋರ್ಡುಗಳಲ್ಲಿ ಕ್ಲಿಪ್ ಒಂದೇ ಬದಿಗೆ ಇರುವುದು ಜಾಸ್ತಿ. ಕ್ಲಿಪ್ ಇರುವ ಕಡೆ 'ಟಕ್' ಅಂದ ತಕ್ಷಣ ಕೂತಿತು ಅಂದುಕೊಳ್ಳುತ್ತೀರಿ, ಇನ್ನೊಂದು ತುದಿ ಒಂದು ಮಿಲಿಮೀಟರ್ ಮೇಲೇ ಇರುತ್ತದೆ. ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿ, ಪಕ್ಕದಿಂದ ಬಗ್ಗಿ ನೋಡಿ. ಕಾಣುವ ಚಿನ್ನದ ಗೆರೆ ಆ ತುದಿಯಿಂದ ಈ ತುದಿಗೆ ಒಂದೇ ಸಮ ಇರಬೇಕು.

ಮತ್ತೆ ಆನ್ ಮಾಡಿ, ಮತ್ತೆ ಕಾಯಿರಿ. ಬರಲಿಲ್ಲವೇ? ಅದೇ ಸ್ಲಾಟಿಗೆ ಎರಡನೇ ರ್‍ಯಾಮ್. ಆಮೇಲೆ ನಾಲ್ಕನೇ ಸ್ಲಾಟ್. ನಾಲ್ಕನೆಯದರಲ್ಲಿ ಬಂದು ಎರಡನೆಯದರಲ್ಲಿ ಯಾವ ರ್‍ಯಾಮೂ ಬರದಿದ್ದರೆ ತಪ್ಪು ರ್‍ಯಾಮ್‌ನದ್ದಲ್ಲ, ನೋಡಬೇಕಾದ್ದು ಪ್ರೊಸೆಸರ್ ಕೂತ ಜಾಗ. ಎಷ್ಟೋ ಸಲ ಕೂಲರ್‌ನ ಸ್ಕ್ರೂ ಒಂದು ಕಡೆ ಜಾಸ್ತಿ ಬಿಗಿದು ಪ್ರೊಸೆಸರ್ ಮೇಲೆ ಒತ್ತಡ ಓರೆಯಾಗಿ ಬಿದ್ದಿರುತ್ತದೆ. ಎಲ್ಲ ಸಡಿಲಿಸಿ, ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಹಾಗೂ ಆಗದಿದ್ದರೆ ಪ್ರೊಸೆಸರ್ ಎತ್ತಿ ಸಾಕೆಟ್ ನೋಡಲೇಬೇಕು. ಎಎಂ5 ಸಾಕೆಟ್‌ನಲ್ಲಿ 1718 ಪಿನ್‌ಗಳಿವೆ, ಎಲ್ಲ ಬೋರ್ಡಿನಲ್ಲೇ, ಬೆರಳು ತಾಗಿದರೂ ಬಾಗುತ್ತವೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಸರಿ ಇದ್ದರೆ ನಾಟಿ ಮಾಡಿದ ಗದ್ದೆಯ ಹಾಗೆ ಸಾಲು ಸಾಲಾಗಿ ಹೊಳೆಯುತ್ತದೆ, ಬಾಗಿದ್ದರೆ ಆ ಒಂದು ಕಡೆ ಸಾಲು ಕೆಡುತ್ತದೆ. ನೋಡಿ ಅಷ್ಟೇ, ಸೂಜಿ ಹಿಡಿದು ಸರಿಮಾಡಲು ಹೋಗಬೇಡಿ. ನಾನು ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ. ಒಮ್ಮೆ ಗಿರಾಕಿಯ ಹೊಸ ಬೋರ್ಡಿನ ಸಾಕೆಟ್ ತೆರೆದಿಟ್ಟು ಆ ಕಡೆ ಇದ್ದ, ಕೂಲರ್ ಅಡಿಗೆ ಹಚ್ಚುವ ಪೇಸ್ಟ್ ತಗೊಳ್ಳಲು ಕೈ ಚಾಚಿದೆ. ತುಂಬು ತೋಳಿನ ಶರ್ಟಿನ ತುದಿಯಲ್ಲಿ ಒಂದು ನೂಲು ಎದ್ದಿತ್ತು, ಅದು ಪಿನ್ನಿಗೆ ಸಿಕ್ಕಿಕೊಂಡಿತು. ಬೋರ್ಡಿನ ದುಡ್ಡು ನಾನೇ ಕೊಟ್ಟೆ. ಅವತ್ತಿನಿಂದ ಸಾಕೆಟ್ ತೆರೆಯುವಾಗ ತೋಳು ಮೊಣಕೈ ಮೇಲೆ.

ಸಾಕೆಟ್ ಮೇಲೆ ಬಂದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಎಸೆದಿಲ್ಲ ತಾನೇ? ವಾರಂಟಿಗೆ ಕಳಿಸುವಾಗ ಅದಿಲ್ಲದಿದ್ದರೆ ತಕರಾರು ತೆಗೆಯುತ್ತಾರೆ.

ಇನ್ನೊಂದು ಸಾಧ್ಯತೆ ಇದೆ, ಕ್ಯಾಬಿನೆಟ್‌ನದ್ದು. ಬೋರ್ಡು ಕೂರುವ ಹಿತ್ತಾಳೆಯ ಸಣ್ಣ ಕಾಲುಗಳು ಕ್ಯಾಬಿನೆಟ್ ಜೊತೆಗೇ ಬಿಗಿದು ಬಂದಿರುತ್ತವೆ. ನಿಮ್ಮ ಬೋರ್ಡು ಸಣ್ಣದಾದರೆ ಒಂದು ಕಾಲು ತೂತಿಲ್ಲದ ಕಡೆ ಹಿಂದಿನಿಂದ ಬೋರ್ಡಿಗೆ ಒತ್ತಿ ಶಾರ್ಟ್ ಆಗುತ್ತದೆ. ತುಮಕೂರಿನಿಂದ ಒಬ್ಬ ಹುಡುಗ ಬಸ್ಸಿನಲ್ಲಿ ಕ್ಯಾಬಿನೆಟ್ಟನ್ನು ತೊಡೆ ಮೇಲೆ ಇಟ್ಟುಕೊಂಡೇ ತಂದಿದ್ದ. ಬೋರ್ಡ್ ಬಿಚ್ಚಿ ತಿರುಗಿಸಿದರೆ ಹಿಂದೆ ಮೆಣಸಿನ ಕಾಳಿನಷ್ಟು ದುಂಡನೆಯ ಗುರುತು. ಆ ಕಾಲು ತೆಗೆದೆ, ಬೋರ್ಡಿನ ಪುಣ್ಯ, ಡಿಸ್‌ಪ್ಲೇ ಬಂತು. ಅದಕ್ಕೇ ಅನುಮಾನ ಬಂದರೆ ಬೋರ್ಡನ್ನು ಹೊರಗೆ ತೆಗೆದು ಅದರದೇ ರಟ್ಟಿನ ಡಬ್ಬಿ ಮೇಲಿಟ್ಟು ಆನ್ ಮಾಡಿ. ಬೆಳ್ಳಿ ಬಣ್ಣದ ಕವರ್ ಮೇಲೆ ಬೇಡ, ಅದರಲ್ಲಿ ಕರೆಂಟ್ ಹರಿಯಬಹುದು. ಬಟನ್ ಇಲ್ಲವಲ್ಲ ಅಂತೀರಾ? 'ಪವರ್ ಸ್ವಿಚ್' ಎಂದಿರುವ ಎರಡು ಪಿನ್ನಿಗೆ ಸ್ಕ್ರೂ ಡ್ರೈವರ್ ತುದಿ ಒಂದು ಕ್ಷಣ ತಾಗಿಸಿದರೆ ಸಾಕು.

ಕೊನೆಗೆ ಸಿಮಾಸ್ ಬ್ಯಾಟರಿ, ಅಂದರೆ ಬೋರ್ಡಿನ ಸೆಟ್ಟಿಂಗ್ ನೆನಪಿಡುವ ಸೆಲ್. ಪ್ಲಗ್ ಕಿತ್ತು, ಆ ರೂಪಾಯಿಯಂಥ ಸಿಆರ್2032 ಸೆಲ್ ಐದು ನಿಮಿಷ ತೆಗೆದಿಟ್ಟು ಹಾಕಿ. ಆದರೆ ನೆನಪಿರಲಿ, ಇದಾದ ಮೇಲೆ ಟ್ರೈನಿಂಗ್ ಮತ್ತೆ ಮೊದಲಿನಿಂದ. ಮತ್ತೆ ಚಹಾ. ಡಿಸ್‌ಪ್ಲೇ ಬಂದ ದಿನವೇ ಎಕ್ಸ್‌ಪೋ ಆನ್ ಮಾಡಿ ರ್‍ಯಾಮ್ ವೇಗ ಏರಿಸಬೇಡಿ, ಎರಡು ದಿನ ಸುಮ್ನೆ ಬಳಸಿ.

ಇಷ್ಟೂ ಆಗಿ ಬರದಿದ್ದರೆ ಬೋರ್ಡ್ ಹೋಗಿದೆ ಅಂತ ಒಪ್ಪೋಣ. ಆಗಲೂ ಹೊಸದು ಕೊಳ್ಳುವುದಲ್ಲ, ಬಿಲ್ ಹಿಡಿದು ವಾರಂಟಿಗೆ ಹೋಗುವುದು.

ಪ್ರಶ್ನೆ: ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಫ್ಯಾನ್ ಕೂಡ ಅಲ್ಲಾಡುವುದಿಲ್ಲ.

ಉತ್ತರ: ಎಸ್‌ಎಂಪಿಎಸ್ ಹಿಂದೆ ಒಂದು ಸ್ವಿಚ್ ಇದೆ. ಅದು ಆನ್ ಇದ್ದರೆ 24 ಪಿನ್ನಿನ ದೊಡ್ಡ ಕನೆಕ್ಟರ್ ಇನ್ನಷ್ಟು ಒತ್ತಿ, ಬೋರ್ಡಿನ ಮೇಲ್ಭಾಗದ ಎಡ ಮೂಲೆಯಲ್ಲಿ ಪ್ರೊಸೆಸರ್‌ನ 8 ಪಿನ್ ಚುಚ್ಚಿದ್ದೀರಾ ನೋಡಿ. ಬೇರೆ ಕಂಪನಿಯ ಎಸ್‌ಎಂಪಿಎಸ್‌ನ ಕೇಬಲ್ ತಂದು ಮಾತ್ರ ಚುಚ್ಚಬೇಡಿ, ಆಕಾರ ಒಂದೇ ಇದ್ದರೂ ಒಳಗೆ ತಂತಿಯ ಕ್ರಮ ಬೇರೆ, ಸುಟ್ಟು ಹೋಗುತ್ತದೆ.

ಪ್ರಶ್ನೆ: ರ್‍ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಸರಿಹೋಗುತ್ತಂತೆ?

ಉತ್ತರ: ಹತ್ತು ವರ್ಷ ಧೂಳು ತಿಂದ ಆಫೀಸ್ ಕಂಪ್ಯೂಟರಿಗೆ ಸರಿ. ನಿನ್ನೆ ಪ್ಯಾಕ್ ಒಡೆದ ರ್‍ಯಾಮಿಗೆ ಯಾಕೆ? ಸರಿಹೋದರೆ ಅದು ರಬ್ಬರಿನ ಮಹಿಮೆ ಅಲ್ಲ, ಎರಡನೇ ಸಲ ನೀವು ಸರಿಯಾಗಿ ಕೂರಿಸಿದ್ದು.

ಪ್ರಶ್ನೆ: ಡಿಸ್‌ಪ್ಲೇ ಬರದಿದ್ದಕ್ಕೆ ವಿಂಡೋಸ್ ಮತ್ತೆ ಹಾಕಬೇಕು, 800 ರೂಪಾಯಿ ಆಗುತ್ತೆ ಅಂತ ಒಬ್ಬರು ಹೇಳಿದರು.

ಉತ್ತರ: ಎದ್ದು ನಿಲ್ಲಲಾಗದವನಿಗೆ ಹೊಸ ಚಪ್ಪಲಿ ಕೊಡಿಸುತ್ತಾರಂತೆ. ಓಡಿಬನ್ನಿ ಅಲ್ಲಿಂದ.

ಪ್ರಶ್ನೆ: ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಎಸ್‌ಎಂಪಿಎಸ್ ಬದಲಿಸಬೇಕೇ?

ಉತ್ತರ: ಇದನ್ನು ತಮಾಷೆ ಮಾಡುವುದಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸಣ್ಣ ಪ್ರಮಾಣದ ಕರೆಂಟ್ ಕ್ಯಾಬಿನೆಟ್ಟಿಗೆ ಬರುವುದು ಸಹಜ, ಅದು ಅರ್ತಿಂಗ್ ತಂತಿಯಲ್ಲಿ ಇಳಿದು ಹೋಗಬೇಕು. ಜುಮ್ ಅಂದರೆ ನಿಮ್ಮ ಮನೆಯಲ್ಲಿ ಬಹುತೇಕ ಅರ್ತಿಂಗ್ ಇಲ್ಲ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್‌ಗೆ ಚುಚ್ಚಿದ್ದೀರಿ. ಕಂಪ್ಯೂಟರ್‌ನವರನ್ನಲ್ಲ, ಎಲೆಕ್ಟ್ರಿಷಿಯನ್ನನ್ನು ಕರೆಸಿ. ಅಲ್ಲಿವರೆಗೆ ಪ್ಲಗ್ ಕಿತ್ತಿಡಿ.

ಪ್ರಶ್ನೆ: 600 ವಿಎ ಯುಪಿಎಸ್ ಇದೆ. ಗೇಮ್ ಶುರು ಮಾಡಿದರೆ ಆಫ್ ಆಗುತ್ತದೆ.

ಉತ್ತರ: ಅದು ಕೊಡುವುದು ಸುಮಾರು 360 ವ್ಯಾಟ್. ಲೆಕ್ಕ ನೀವೇ ಹಾಕಿ.

ಪ್ರಶ್ನೆ: ನಮ್ಮೂರಲ್ಲಿ ಭಾಗಗಳು ಸಿಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಬಂದು ಕೊಳ್ಳುವುದು ಒಳ್ಳೆಯದೇ?

ಉತ್ತರ: ಬರಬಹುದು, ಆದರೆ ಹತ್ತು ಅಂಗಡಿಯಲ್ಲಿ ಇನ್ನೂರು ಇನ್ನೂರು ರೂಪಾಯಿ ಉಳಿಸಲು ಹೋಗಿ ಹತ್ತು ಬಿಲ್ ಮಾಡಿಸಬೇಡಿ. ಬೋರ್ಡು, ಪ್ರೊಸೆಸರ್, ರ್‍ಯಾಮ್ ಮೂರೂ ಒಂದೇ ಕಡೆ ತಗೊಳ್ಳಿ. ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಕೇಳಿ, ಅಲ್ಲೇ ಟೇಬಲ್ ಮೇಲೆ ಜೋಡಿಸಿ ಡಿಸ್‌ಪ್ಲೇ ತೋರಿಸಿ ಅನ್ನಿ. ಗೊಣಗುತ್ತಾರೆ, ನಿಂತುಕೊಂಡೇ ಇರಿ. ಭಾನುವಾರ ಮಾತ್ರ ಬರಬೇಡಿ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ.