ಮಗು ಚೆನ್ನಾಗಿದೆ ಅಂದ್ರು, ನಾನು ಹೇಗಿದ್ದೀನಿ ಅಂತ ಯಾರೂ ಕೇಳಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಬಾಣಂತಿಯರದ್ದೇ. ಒಂದು ಗಂಡನದ್ದು, ಒಂದು ಅತ್ತೆಯದ್ದು. ಯಾರ ಹೆಸರೂ ಹಾಕಿಲ್ಲ, ಉದ್ದದ ಪತ್ರಗಳನ್ನು ಸ್ವಲ್ಪ ಕತ್ತರಿಸಿದ್ದೇನೆ. ಇಲ್ಲಿ ಬರೆದದ್ದು ನಿಮ್ಮನ್ನು ನೋಡಿ ಪರೀಕ್ಷೆ ಮಾಡುವ ಡಾಕ್ಟರ ಮಾತಿಗೆ ಬದಲಿಯಲ್ಲ, ಅದೊಂದು ನೆನಪಿರಲಿ.

ಪ್ರಶ್ನೆ: ಮೇಡಂ, ಹೆರಿಗೆಯಾಗಿ 6 ದಿನ. ಮಗು ಚೆನ್ನಾಗಿದೆ, ಮನೆಯವರೆಲ್ಲ ಜೊತೆಗಿದ್ದಾರೆ. ಆದರೂ ಸಂಜೆಯಾದರೆ ಅಳು ಬರುತ್ತೆ. ಫೋನಿನಲ್ಲಿ ಯಾರಾದರೂ ಅಭಿನಂದನೆ ಹೇಳಿದರೂ ಅಳು, ಟವೆಲ್ ಕೈಗೆ ಸಿಗದಿದ್ದರೂ ಅಳು. ಬಂದವರೆಲ್ಲ ಮಗುವನ್ನು ನೋಡಿ ಹೋಗ್ತಾರೆ. ನೀನು ಹೇಗಿದ್ದೀಯ ಅಂತ ಒಬ್ಬರೂ ಕೇಳಲಿಲ್ಲ. ನನಗೆ ತಾಯಿಯಾಗುವ ಯೋಗ್ಯತೆಯೇ ಇಲ್ವಾ?

ಉತ್ತರ: ಮೊದಲು ನಾನು ಕೇಳ್ತೀನಿ. ಹೇಗಿದ್ದೀರಿ? ಹೊಲಿಗೆ ಎಳೆಯುತ್ತಿದೆಯಾ? ನಿನ್ನೆ ರಾತ್ರಿ ಒಟ್ಟಿಗೆ ಎರಡು ಗಂಟೆಯಾದರೂ ನಿದ್ದೆ ಬಂತಾ? ಹೊಟ್ಟೆ ತುಂಬ ಊಟ ಮಾಡಿದಿರಾ, ಇಲ್ಲ ಅರ್ಧಕ್ಕೆ ಎದ್ದು ಮಗುವಿನ ಹತ್ತಿರ ಹೋದಿರಾ?

ಈ ಅಳುವಿಗೂ ಯೋಗ್ಯತೆಗೂ ಸಂಬಂಧವೇ ಇಲ್ಲ. ಬಸುರಿಯಲ್ಲಿ ಏರುತ್ತಲೇ ಹೋದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಹೆರಿಗೆಯಾದ ಎರಡು ಮೂರು ದಿನದಲ್ಲೇ ಧಡಕ್ಕನೆ ಇಳಿದುಬಿಡುತ್ತವೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಎದೆ ಹಾಲು ತುಂಬಿ ಬಿಗಿಯುತ್ತೆ, ನಿದ್ದೆ ಇರಲ್ಲ, ಕೆಳಗೆ ಕೂತರೆ ನೋವು. ಹೊಸದಾಗಿ ಹೆತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೀಗೆ ಅಳುತ್ತಾರೆ. ಇದಕ್ಕೆ ಬೇಬಿ ಬ್ಲೂಸ್ ಅಂತಾರೆ. ಎರಡನೇ ಮೂರನೇ ದಿನ ಶುರುವಾಗಿ, ಐದನೇ ದಿನದ ಆಸುಪಾಸು ಜೋರಾಗಿ, ಎರಡು ವಾರದೊಳಗೆ ತಾನಾಗಿ ಇಳಿಯುತ್ತೆ. ಮಾತ್ರೆ ಬೇಡ. ಅಳು ಬಂದರೆ ಅಳಿ, ತಡೆದುಕೊಂಡು ನಗಬೇಕಾಗಿಲ್ಲ.

ಆದರೆ ಎರಡು ವಾರ ಅನ್ನುವುದನ್ನು ಗುರುತಿಟ್ಟುಕೊಳ್ಳಿ. ಅದು ದಾಟಿಯೂ ಹೀಗೇ ಇದ್ದರೆ, ಅಥವಾ ದಿನದಿನಕ್ಕೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತಿದ್ದರೆ, ಡಾಕ್ಟರಿಗೆ ಹೇಳಿ. ಮುಂದಿನ ಪತ್ರ ಅಂಥದ್ದೇ.

ಪ್ರಶ್ನೆ: ನನ್ನ ಹೆಂಡತಿಗೆ ಹೆರಿಗೆಯಾಗಿ 9 ವಾರ ಆಯ್ತು. ಮಗು ಮಲಗಿದರೂ ಇವಳು ಮಲಗಲ್ಲ, ಕಣ್ಣು ಬಿಟ್ಟುಕೊಂಡು ಸೂರು ನೋಡ್ತಾ ಇರ್ತಾಳೆ. ತಟ್ಟೆಗೆ ಹಾಕಿದ್ದು ಹಾಗೇ ಉಳಿಯುತ್ತೆ. ಮಗುವನ್ನು ಎತ್ತಿಕೊಳ್ಳುವುದೂ ಒಂದು ಡ್ಯೂಟಿ ಥರ. ಮೊನ್ನೆ, ‘ನಾನು ಇಲ್ಲದೇ ಇದ್ದರೇ ನಿಮಗಿಬ್ಬರಿಗೂ ಒಳ್ಳೆಯದು’ ಅಂದಳು. ಮನೆಯಲ್ಲಿ ಎಲ್ಲರೂ ಸುಸ್ತು, ಸರಿಹೋಗುತ್ತೆ ಅಂತಾರೆ. ನಾನು ಧೈರ್ಯ ಹೇಳ್ತಾನೇ ಇದ್ದೀನಿ, ಏನೂ ಪ್ರಯೋಜನ ಆಗ್ತಿಲ್ಲ. ನಿಜ ಹೇಳಬೇಕೆಂದರೆ ಈಗೀಗ ನನಗೂ ಯಾವುದರಲ್ಲೂ ಮನಸ್ಸಿಲ್ಲ.

ಉತ್ತರ: ಆ ಮಾತನ್ನು ಸುಸ್ತಿನ ಲೆಕ್ಕಕ್ಕೆ ಹಾಕಬೇಡಿ. ಇದನ್ನು ಓದಿ ಮುಗಿಸಿದ ಮೇಲೆ ಹೆಂಡತಿಯ ಪಕ್ಕ ಕೂತು ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತೆ ಅಂತ ತುಂಬ ಜನ ಹೆದರುತ್ತಾರೆ. ಹಾಗಾಗಲ್ಲ. ಕೇಳಿದ್ದರಿಂದ ಒಳಗಿದ್ದದ್ದು ಹೊರಗೆ ಬರುತ್ತೆ ಅಷ್ಟೇ. ಹೌದು ಅಂದರೆ, ಅಥವಾ ಉತ್ತರ ಕೊಡದೆ ಮುಖ ತಿರುಗಿಸಿದರೂ, ಅವರನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಮಾತ್ರೆ, ಕೀಟನಾಶಕ ಏನಿದ್ದರೂ ಕೈಗೆ ಸಿಗದ ಹಾಗೆ ಇಡಿ. ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಇಲ್ಲ ಅಂದರೂ ಈ ವಾರದೊಳಗೆ ಡಾಕ್ಟರನ್ನು ನೋಡಲೇಬೇಕು.

ನೀವು ಬರೆದಿರುವುದು ಹೆರಿಗೆ ನಂತರದ ಡಿಪ್ರೆಶನ್ ಥರವೇ ಇದೆ. ಮಗು ಮಲಗಿದಾಗಲೂ ನಿದ್ದೆ ಬರದಿರುವುದು ಅದರ ಒಂದು ದೊಡ್ಡ ಗುರುತು. ಬರೀ ಸುಸ್ತಾದವರು ದಿಂಬಿಗೆ ತಲೆ ಕೊಟ್ಟ ಕೂಡಲೇ ಮಲಗಿಬಿಡುತ್ತಾರೆ ಅಲ್ವಾ? ಇದು ಅಪರೂಪದ ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಹೆರಿಗೆಯಾದ 100 ಹೆಂಗಸರಲ್ಲಿ ಸುಮಾರು 13 ಮಂದಿಗೆ ಮನಸ್ಸಿನ ಕಾಯಿಲೆ ಕಾಣಿಸಿಕೊಳ್ಳುತ್ತೆ, ಅದರಲ್ಲಿ ಮುಖ್ಯವಾದದ್ದು ಡಿಪ್ರೆಶನ್. ಅಭಿವೃದ್ಧಿಶೀಲ ದೇಶಗಳಲ್ಲಿ ಆ ಸಂಖ್ಯೆ 20ರ ಹತ್ತಿರ. ಹೆರಿಗೆಯಾಗಿ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು.

ಡಾಕ್ಟರ್ ಹತ್ತಿರ ಹೋದಾಗ ಒಂದು ಪ್ರಶ್ನೆಪಟ್ಟಿ ಕೊಡಬಹುದು. ಸ್ಕಾಟ್ಲೆಂಡಿನಲ್ಲಿ ತಯಾರಾಗಿ 1987ರಲ್ಲಿ ಪ್ರಕಟವಾದ ಎಡಿನ್‌ಬರಾ ಸ್ಕೇಲ್ ಅದು. 10 ಪ್ರಶ್ನೆ, ಕಳೆದ 7 ದಿನ ಹೇಗಿತ್ತು ಅಂತ ಕೇಳುತ್ತೆ, ನಗು ಬರ್ತಿತ್ತಾ, ಕಾರಣವಿಲ್ಲದೆ ಹೆದರಿಕೆ ಆಯ್ತಾ ಅಂಥವು. ಒಟ್ಟು 30 ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಿಪ್ರೆಶನ್ ಇರುವ ಸಾಧ್ಯತೆ ಜಾಸ್ತಿ, ಆದರೆ ಕೊನೆಯ ಪ್ರಶ್ನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು, ಅದಕ್ಕೆ ಹೌದು ಅಂದರೆ ಒಟ್ಟು ಅಂಕ ಎಷ್ಟೇ ಇರಲಿ ಗಂಭೀರವಾಗಿ ತೆಗೆದುಕೊಳ್ಳಬೇಕು. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ. ರಕ್ತ ಕಡಿಮೆಯಿದ್ದರೂ ಹೆರಿಗೆ ನಂತರ ಥೈರಾಯ್ಡ್ ಏರುಪೇರಾದರೂ ಹೀಗೇ ಸುಸ್ತು, ಹೀಗೇ ಬೇಜಾರು.

ಹಾಲು ಕುಡಿಸುತ್ತಿದ್ದಾರೆ, ಮಾತ್ರೆ ತಗೋಬಹುದಾ ಅಂತ ಮನೆಯವರು ಖಂಡಿತ ಕೇಳುತ್ತಾರೆ. ತಗೋಬಹುದು. ಸರ್ಟ್ರಲಿನ್ ಥರದ ಡಿಪ್ರೆಶನ್ ಮಾತ್ರೆಗಳು ಎದೆಹಾಲಿಗೆ ಸೇರುವುದು ತೀರಾ ಕಡಿಮೆ. ಮಾತ್ರೆಗಾಗಿ ಹಾಲು ಬಿಡಿಸುವುದಾಗಲಿ, ಹಾಲಿಗಾಗಿ ಮಾತ್ರೆ ಬಿಡುವುದಾಗಲಿ ಡಾಕ್ಟರನ್ನು ಕೇಳದೆ ಮಾಡಬೇಡಿ. ಸೌಮ್ಯವಾಗಿದ್ದರೆ ಕೌನ್ಸೆಲಿಂಗ್ ಒಂದೇ ಸಾಕಾಗಬಹುದು. ಅಮೆರಿಕದಲ್ಲಿ 2023ರಲ್ಲಿ ಈ ಕಾಯಿಲೆಗೆಂದೇ 14 ದಿನದ ಮಾತ್ರೆಯೊಂದಕ್ಕೆ ಒಪ್ಪಿಗೆ ಸಿಕ್ಕಿದೆ, ಅದು ಸಿಗದಿದ್ದರೂ ಚಿಂತೆಯಿಲ್ಲ, ಹಳೆಯ ಔಷಧಿಗಳೂ ಚೆನ್ನಾಗಿ ಕೆಲಸ ಮಾಡುತ್ತವೆ. ಕೆಲವು ವಾರ ಹಿಡಿಯುತ್ತೆ ಅಷ್ಟೇ.

ಇನ್ನು ಧೈರ್ಯದ ವಿಷಯ. ಧೈರ್ಯ ಹೇಳುವುದನ್ನು ಸ್ವಲ್ಪ ನಿಲ್ಲಿಸಿ. ‘ಎಲ್ಲ ಸರಿಹೋಗುತ್ತೆ, ಮಗುವಿನ ಮುಖ ನೋಡು’ ಅಂದಾಗಲೆಲ್ಲ ಅವರಿಗೆ ಕೇಳಿಸುವುದು ‘ಮಗುವಿನ ಮುಖ ನೋಡಿಯೂ ನಿನಗೆ ಖುಷಿಯಾಗಲ್ವಾ’ ಅಂತ. ಮಾತಿಗಿಂತ ನಿದ್ದೆ ಕೊಡಿ. ‘ರಾತ್ರಿ ಹತ್ತರಿಂದ ಮೂರರವರೆಗೆ ಮಗು ನಂದು’ ಅಂತ ಹೇಳಿ ಹಾಗೇ ಮಾಡಿ. ಹಿಂಡಿಟ್ಟ ಹಾಲಿದ್ದರೆ ನೀವೇ ಕುಡಿಸಿ. ಇಲ್ಲದಿದ್ದರೆ ಹಾಲಿನ ಹೊತ್ತಿಗೆ ಮಾತ್ರ ಮಗುವನ್ನು ಅವರ ಪಕ್ಕಕ್ಕೆ ಕೊಟ್ಟು, ಕುಡಿದಾದ ತಕ್ಷಣ ಎತ್ತಿಕೊಂಡು ಬಂದು ತೇಗಿಸುವುದು, ಡೈಪರ್ ಬದಲಿಸುವುದು, ಮತ್ತೆ ತೂಗಿ ಮಲಗಿಸುವುದು ಎಲ್ಲ ಇನ್ನೊಂದು ರೂಮಿನಲ್ಲಿ, ಆ ಅಳು ಅವರ ಕಿವಿಗೆ ಬೀಳದ ಹಾಗೆ. ‘ಏನಾದರೂ ಬೇಕಿದ್ದರೆ ಹೇಳು’ ಅನ್ನುವ ಮಾತು ಬೇಡವೇ ಬೇಡ. ಏನು ಬೇಕು ಅಂತ ಯೋಚಿಸುವ ಶಕ್ತಿಯೂ ಈಗ ಅವರಲ್ಲಿಲ್ಲ. ಡಾಕ್ಟರ್ ಅಪಾಯಿಂಟ್‌ಮೆಂಟ್ ನೀವೇ ತಗೊಳ್ಳಿ, ಜೊತೆಗೆ ಹೋಗಿ, ಒಳಗೆ ಅವರು ಒಬ್ಬರೇ ಮಾತಾಡಬೇಕು ಅಂದರೆ ಹೊರಗೆ ಮಗು ಎತ್ತಿಕೊಂಡು ಕೂತಿರಿ.

ನಿಮ್ಮ ಪತ್ರದ ಕೊನೆಯ ಸಾಲನ್ನೂ ಓದಿದ್ದೇನೆ. ಹೊಸ ಅಪ್ಪಂದಿರಲ್ಲೂ ಸುಮಾರು 10ರಲ್ಲಿ ಒಬ್ಬರಿಗೆ ಡಿಪ್ರೆಶನ್ ಬರುತ್ತೆ, ಹೆಂಡತಿಗೆ ಇದ್ದರೆ ಗಂಡನಿಗೆ ಬರುವ ಸಾಧ್ಯತೆ ಇನ್ನೂ ಜಾಸ್ತಿ. ಅದೇ ಡಾಕ್ಟರ ಹತ್ತಿರ ನಿಮ್ಮ ವಿಷಯವನ್ನೂ ಹೇಳಿ.

ಪ್ರಶ್ನೆ: ಇದನ್ನು ಬರೆಯುವುದಕ್ಕೂ ಕೈ ನಡುಗ್ತಿದೆ. ಮೆಟ್ಟಿಲು ಇಳಿಯುವಾಗ ಮಗುವನ್ನು ಕೆಳಗೆ ಎಸೆದ ಹಾಗೆ ಕಣ್ಣಮುಂದೆ ಬರುತ್ತೆ. ತರಕಾರಿ ಹೆಚ್ಚುವಾಗ ಚಾಕು ನೋಡಿದರೆ ಭಯ. ಈಗ ಚಾಕುಗಳನ್ನೆಲ್ಲ ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದೀನಿ, ಮಗುವಿನ ಜೊತೆ ಒಬ್ಬಳೇ ಇರುವುದಕ್ಕೇ ಹೆದರಿಕೆ. ನಾನು ಕೆಟ್ಟವಳಾ? ಹೇಳಿದರೆ ಮಗುವನ್ನು ನನ್ನಿಂದ ದೂರ ಮಾಡ್ತಾರಾ?

ಉತ್ತರ: ಕೆಟ್ಟವರಲ್ಲ. ಮಗುವಿಗೆ ಏನಾದರೂ ಆಗಿಬಿಟ್ಟರೆ ಅನ್ನುವ ಯೋಚನೆ ಬಾರದ ಹೊಸ ತಾಯಂದಿರೇ ಕಡಿಮೆ. ತನ್ನ ಕೈಯಿಂದಲೇ ಆಗಿಬಿಡುತ್ತೆ ಅನ್ನುವ ಚಿತ್ರ ಕೂಡ ತುಂಬ ಜನರಿಗೆ ಬರುತ್ತೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ಮಗುವನ್ನು ಕಾಯಲು ಮನಸ್ಸು ಹಗಲೂ ರಾತ್ರಿ ಎಚ್ಚರವಾಗಿರುತ್ತೆ, ಆ ಎಚ್ಚರವೇ ಅತಿಯಾಗಿ ಇಲ್ಲದ ಅಪಾಯವನ್ನೆಲ್ಲ ತೋರಿಸುತ್ತೆ. ನಿಮಗೆ ಆ ಯೋಚನೆ ಕಂಡರೆ ಅಸಹ್ಯ, ಭಯ. ಚಾಕು ಎತ್ತಿಟ್ಟಿದ್ದೀರಿ. ಇದು ಆತಂಕದ ಕಾಯಿಲೆಯ ಲಕ್ಷಣ, ಇಂಥ ಯೋಚನೆ ಬಂದ ಮಾತ್ರಕ್ಕೆ ಯಾರೂ ಹಾಗೆ ಮಾಡಿಬಿಡುವುದಿಲ್ಲ. ದಿನವೆಲ್ಲ ಕಾಡುತ್ತಿರುವುದರಿಂದ ಮನೋವೈದ್ಯರನ್ನು ನೋಡಿ, ನನಗೆ ಬರೆದ ಹಾಗೇ ಅವರಿಗೂ ಹೇಳಿ. ಅವರು ಇದನ್ನು ದಿನಾ ಕೇಳುವವರು, ಗಾಬರಿ ಬೀಳಲ್ಲ. ಚೆನ್ನಾಗಿ ವಾಸಿಯಾಗುತ್ತೆ.

ಇದಕ್ಕಿಂತ ಪೂರ್ತಿ ಬೇರೆಯದೊಂದಿದೆ, ಮನೆಯವರು ತಿಳಿದಿರಬೇಕು. ಹೆರಿಗೆ ನಂತರದ ಸೈಕೋಸಿಸ್. 1000 ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುತ್ತೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಇದ್ದಕ್ಕಿದ್ದಂತೆ ನಿದ್ದೆಯೇ ಬೇಡ ಅನ್ನುವುದು, ಒಂದೇ ಸಮನೆ ಮಾತು, ಇಲ್ಲದ ದನಿ ಕೇಳಿಸುವುದು, ಮನೆಯವರ ಮೇಲೇ ಅನುಮಾನ, ಮಗುವಿನಲ್ಲಿ ಏನೋ ಶಕ್ತಿ ಸೇರಿಕೊಂಡಿದೆ ಅನ್ನುವ ನಂಬಿಕೆ. ಇಲ್ಲಿ ಅವರಿಗೆ ಆ ಯೋಚನೆ ತಪ್ಪು ಅನ್ನಿಸುವುದೇ ಇಲ್ಲ. ಇದು ತುರ್ತು. ಕಾಯಬೇಡಿ, ಬೇರೆ ಯಾವ ಉಪಾಯವೂ ಬೇಡ, ಸೀದಾ ಆಸ್ಪತ್ರೆ.

ಪ್ರಶ್ನೆ: ಹೆರಿಗೆಯಾಗಿ 8 ದಿನ. ಎರಡು ದಿನದಿಂದ ಸಿಕ್ಕಾಪಟ್ಟೆ ತಲೆನೋವು, ಕಣ್ಣು ಮಂಜು. ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಅಂತಾರೆ.

ಉತ್ತರ: ನಿಮಗೆ ಆಗಲೇ ಫೋನಿನಲ್ಲಿ ತಿಳಿಸಿದ್ದೇವೆ, ಬೇರೆಯವರಿಗಾಗಿ ಇಲ್ಲಿ ಹಾಕುತ್ತಿದ್ದೇನೆ. ಕೂಡಲೇ ಬಿಪಿ ನೋಡಿಸಬೇಕು. ಬಸುರಿಯಲ್ಲಿ ಬಿಪಿ ಇಲ್ಲದವರಿಗೂ ಹೆರಿಗೆಯಾದ 6 ವಾರದವರೆಗೆ ಅದು ಏರಬಹುದು, ಫಿಟ್ಸ್ ಕೂಡ ಬರಬಹುದು. 160/110 ಮುಟ್ಟಿದರೆ ಅದು ಆ ಹೊತ್ತಿನಲ್ಲೇ ಚಿಕಿತ್ಸೆ ಆಗಬೇಕಾದ ಬಿಪಿ. ಹಾಗೇ ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಚಳಿಜ್ವರ ಬಂದರೆ, ಹೋಗುವ ಸ್ರಾವ ಕೆಟ್ಟ ವಾಸನೆ ಬಂದರೆ, ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ, ಉಸಿರಾಡಲು ಕಷ್ಟವಾದರೆ, ಬೆಳಗಾಗಲಿ ನೋಡೋಣ ಅನ್ನಬೇಡಿ.

ಪ್ರಶ್ನೆ: ನಾನು ಅತ್ತೆ. ಸೊಸೆಗೆ ಹಾಲು ಸಾಲ್ತಿಲ್ಲ ಅನ್ಸುತ್ತೆ. ಮೂರು ವಾರದ ಮಗು, ಗಂಟೆಗೊಂದು ಸಲ ಬಾಯಿ ತೆಗೆಯುತ್ತೆ. ಡಬ್ಬಿ ಹಾಲು ಕೊಡೋಣ ಅಂದರೆ ಸೊಸೆ ಅಳ್ತಾಳೆ. ನಾವೂ ಹೆತ್ತಿದ್ದೀವಿ, ಇಷ್ಟೆಲ್ಲ ಇರಲಿಲ್ಲ.

ಉತ್ತರ: ಅಮ್ಮ, ನೀವು ಕಾಳಜಿಯಿಂದಲೇ ಕೇಳಿದ್ದೀರಿ, ಅದಕ್ಕೇ ನೇರವಾಗಿ ಹೇಳ್ತೀನಿ. ಈ ವಯಸ್ಸಿನ ಮಗು ದಿನಕ್ಕೆ 8ರಿಂದ 12 ಸಲ ಕುಡಿಯುತ್ತೆ. ಸಂಜೆ ಹೊತ್ತು ಬಿಟ್ಟು ಬಿಟ್ಟು ಕುಡಿಯುವುದೂ ಸಹಜ. ಅಳುವನ್ನು ಲೆಕ್ಕ ಹಾಕಬೇಡಿ, ಒದ್ದೆ ಬಟ್ಟೆ ಲೆಕ್ಕ ಹಾಕಿ. ಐದು ದಿನ ದಾಟಿದ ಮಗು ದಿನಕ್ಕೆ 6 ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ದರೆ, ಹುಟ್ಟಿದಾಗಿನ ತೂಕವನ್ನು ಎರಡು ವಾರದ ಹೊತ್ತಿಗೆ ಮತ್ತೆ ಮುಟ್ಟಿ ಆಮೇಲೆ ಏರುತ್ತಿದ್ದರೆ, ಹಾಲು ಸಾಲುತ್ತಿದೆ. ತೂಕ ಏರದಿದ್ದರೆ ಮಗು ಎದೆಯನ್ನು ಬಾಯಲ್ಲಿ ಸರಿಯಾಗಿ ಹಿಡಿಯುತ್ತಿದೆಯಾ ಅಂತ ನೋಡಿಸಿ. ಬರೀ ತೊಟ್ಟಿನ ತುದಿ ಹಿಡಿದರೆ ತಾಯಿಗೆ ಬಿರುಕು, ಮಗುವಿಗೆ ಹಾಲಿಲ್ಲ. ಡಬ್ಬಿ ಹಾಲು ಬೇಕೇಬೇಕು ಅಂತ ಡಾಕ್ಟರ್ ಹೇಳಿದರೆ ಅದೂ ತಪ್ಪಲ್ಲ, ಸೋಲೂ ಅಲ್ಲ.

ನಿಮ್ಮ ಕಾಲದಲ್ಲೂ ಇದೆಲ್ಲ ಇತ್ತು ಅಮ್ಮ. ಯಾರೂ ಕೇಳ್ತಿರಲಿಲ್ಲ, ನೀವೂ ಹೇಳ್ತಿರಲಿಲ್ಲ. ಬೇಕಾದರೆ ನಿಮ್ಮ ಮೊದಲ ಹೆರಿಗೆಯ ತಿಂಗಳು ಹೇಗಿತ್ತು ಅಂತ ಒಂದು ದಿನ ಸೊಸೆಗೆ ಇದ್ದದ್ದು ಇದ್ದ ಹಾಗೆ ಹೇಳಿ ನೋಡಿ. ಹಾಲಿನ ಮಾತು ಮಾತ್ರ ಬಂದವರ ಎದುರು ಎತ್ತಬೇಡಿ.

ಪ್ರಶ್ನೆ: ಕೆಮ್ಮಿದರೆ, ಸೀನಿದರೆ ಸ್ವಲ್ಪ ಮೂತ್ರ ಹೋಗಿಬಿಡುತ್ತೆ. 4 ತಿಂಗಳಾಯ್ತು. ಗಂಡನಿಗೂ ಹೇಳಿಲ್ಲ.

ಉತ್ತರ: ಹೇಳಿ, ನಾಚಿಕೆ ಬೇಡ. ಮೂತ್ರ ಹಿಡಿದುಕೊಳ್ಳುವಾಗ ಬಿಗಿಯುವ ಸ್ನಾಯು ಇದೆಯಲ್ಲ, ಅದು ಬಸುರಿಯಲ್ಲೂ ಹೆರಿಗೆಯಲ್ಲೂ ಹಿಗ್ಗಿರುತ್ತೆ. ಅದನ್ನೇ ಬಿಗಿ ಮಾಡಿ, ಐದಾರು ಸೆಕೆಂಡ್ ಹಿಡಿದು, ಪೂರ್ತಿ ಸಡಿಲ ಬಿಡಿ. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬೇಡಿ, ಹೊಟ್ಟೆ ತೊಡೆ ಬಿಗಿಯಬೇಡಿ. ಮೂತ್ರ ಮಾಡುತ್ತಿರುವಾಗ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಫಲ ಕಾಣಲು ಮೂರು ತಿಂಗಳು ಬೇಕು. ಆಗಲೂ ಸರಿಹೋಗದಿದ್ದರೆ ಇದಕ್ಕೆಂದೇ ಫಿಸಿಯೋಥೆರಪಿ ಇದೆ.

ಪ್ರಶ್ನೆ: ಬಾಚಣಿಗೆ ತುಂಬ ಕೂದಲು. ಮಗುವಿಗೆ ನಾಲ್ಕು ತಿಂಗಳು. ಬೋಳಾಗಿಬಿಡ್ತೀನಾ?

ಉತ್ತರ: ಆಗಲ್ಲ. ಬಸುರಿಯಲ್ಲಿ ಉದುರದೆ ನಿಂತಿದ್ದ ಕೂದಲೆಲ್ಲ ಈಗ ಒಟ್ಟಿಗೆ ಉದುರುತ್ತಿದೆ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರಿಗೆ ಸರಿಹೋಗುತ್ತೆ. ದುಬಾರಿ ಎಣ್ಣೆಗೆ ದುಡ್ಡು ಹಾಕುವ ಬದಲು ಒಂದು ಸಲ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸಿಕೊಳ್ಳಿ. ಡಾಕ್ಟರ್ ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು, ಡ್ರಾಯರಿನಲ್ಲಿ ಅರ್ಧ ಸ್ಟ್ರಿಪ್ ಉಳಿದಿರುತ್ತಲ್ಲ, ಮುಗಿಸಿ.