ಟ್ರಾಕ್ಟರ್ ಚಕ್ರಕ್ಕೆ ಎಂಥ ಚೈನ್?

ಪ್ರಶ್ನೆ: ಸಾರ್, ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಕಡಿದ ಸಿಲ್ವರ್ ಓಕ್ ಮರದ ದಿಮ್ಮಿಗಳನ್ನು 45 ಎಚ್‌ಪಿ ಟ್ರಾಕ್ಟರಿನಲ್ಲಿ ರಸ್ತೆಗೆ ಸಾಗಿಸುತ್ತೇವೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿತ್ತೆಂದರೆ ಏರಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಟಯರ್ 13.6-28. ಅಂಗಡಿಯಿಂದ ಮಾಮೂಲಿ ಬಿಡಿ ಚೈನ್ ತಂದು ಟಯರಿಗೆ ಅಡ್ಡಡ್ಡ ಕಟ್ಟುತ್ತಿದ್ದೇವೆ. ಅದೇ ಸಾಕಾ, ಟಯರಿಗೆಂದೇ ಮಾಡಿದ ರೆಡಿಮೇಡ್ ಚೈನ್ ತಗೊಳ್ಳಬೇಕಾ?

ಉತ್ತರ: ಜೀಪಾಗಿದ್ದರೆ ಸಾಕು ಅಂತಿದ್ದೆ. ಮಲೆನಾಡಿನ ಎಷ್ಟೋ ಜೀಪುಗಳು ಮಳೆಗಾಲ ಕಳೆಯುವುದೇ ಹಾಗೆ. ಆದರೆ ಟ್ರಾಕ್ಟರಿನ ಹಿಂದಿನ ಟಯರ್ ನೋಡಿ, ದಪ್ಪ ಪಟ್ಟಿಗಳು ಓರೆಯಾಗಿ ಎದ್ದಿರುತ್ತವೆ, ನಡುವೆ ಆಳದ ಸಂದು. ಏಣಿ ಮೆಟ್ಟಿಲಿನಂತೆ ಅಡ್ಡ ಕಟ್ಟಿದ ಚೈನ್ ಜಾರಿ ಆ ಸಂದಿಗೆ ಇಳಿದು ಕೂತರೆ ಮುಗೀತು, ಮಣ್ಣಿಗೆ ತಾಗುವುದು ಮತ್ತೆ ಬರೀ ರಬ್ಬರು. ನೀವು ಕಟ್ಟಿದ್ದು ಸುಮ್ನೆ ದಂಡ.

ಹಾಗಾಗಿ ದಪ್ಪ ಎಷ್ಟು ಅಂತ ಕೇಳುವ ಮೊದಲು ಹೆಣಿಗೆ ನೋಡಿ. ಬಲೆಯ ಹಾಗೆ ಹೆಣೆದದ್ದು, ಇಲ್ಲವೇ ನಡುವೆ ರಿಂಗ್ ಹಾಕಿ ಹೆಣೆದದ್ದು ಬೇಕು. ಅದು ಪಟ್ಟಿಗಳ ಮೇಲೇ ಕೂರುತ್ತದೆ, ಇಳಿಜಾರಿನಲ್ಲಿ ಚಕ್ರ ಪಕ್ಕಕ್ಕೆ ಜಾರುವುದನ್ನೂ ಅಷ್ಟಿಷ್ಟು ತಡೆಯುತ್ತದೆ. ದಪ್ಪ 8-9 ಮಿ.ಮೀ. ಇದ್ದರೆ ನಿಮ್ಮ ಗಾಡಿಗೆ ಸಾಕು. ಸ್ವೀಡನ್, ಫಿನ್ಲೆಂಡ್ ಕಾಡುಗಳಲ್ಲಿ ದಿಮ್ಮಿ ಸಾಗಿಸುವ ದೊಡ್ಡ ಯಂತ್ರಗಳಿಗೆ 13, 16 ಮಿ.ಮೀ. ಚೈನ್ ಹಾಕುತ್ತಾರೆ, ಮೈತುಂಬಾ ಮುಳ್ಳು ಬೇರೆ. ವಿಡಿಯೋ ನೋಡಿ ಅದೇ ಬೇಕು ಅನ್ನಬೇಡಿ, ಅಷ್ಟು ಭಾರ ದಿನಾ ಎತ್ತಿ ಕಟ್ಟುವವರು ಯಾರು?

ಟಯರ್ ನಂಬರ್ ಹೇಳಿಯೇ ತರಿಸಿ. ಮಡ್‌ಗಾರ್ಡಿಗೂ ಟಯರಿಗೂ ನಡುವೆ ನಾಲ್ಕು ಬೆರಳು ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಎರಡೂ ಚಕ್ರಕ್ಕೆ ಹಾಕಬೇಕು, ಒಂದಕ್ಕೆ ಹಾಕಿ ಉಳಿತಾಯ ಮಾಡಬೇಡಿ. ಕೊಕ್ಕೆಯ ಬಾಯಿ ಹೊರಗಡೆಗೆ ಇರಲಿ, ಒಳಗೆ ತಿರುಗಿದರೆ ಟಯರನ್ನೇ ಕೊರೆಯುತ್ತದೆ. ಕಟ್ಟಿದ ಮೇಲೆ ನೂರು ಮೀಟರ್ ಓಡಿಸಿ, ಇಳಿದು ಮತ್ತೆ ಬಿಗಿ ಮಾಡಿ. ಮೊದಲ ಸಲ ಎಷ್ಟೇ ಎಳೆದು ಕಟ್ಟಿದರೂ ಸಡಿಲ ಆಗಿಯೇ ಆಗುತ್ತದೆ. ಡಾಂಬರು ಸಿಕ್ಕ ಕೂಡಲೇ ಬಿಚ್ಚಿ, ಚೈನೂ ಸವೆಯುತ್ತದೆ, ರಸ್ತೆಯೂ ಹಾಳು.

ಇನ್ನೊಂದು, ಚೈನ್ ಇದೆ ಅಂತ ಇಳಿಜಾರಿನಲ್ಲಿ ಧೈರ್ಯ ಮಾಡಬೇಡಿ. ಹಿಡಿತ ಬಂದದ್ದು ಟ್ರಾಕ್ಟರಿಗೆ, ಹಿಂದಿನಿಂದ ದೂಡುವ ಟ್ರೈಲರಿಗಲ್ಲ. ಲೋಡು ಕಮ್ಮಿ ಹಾಕಿ, ಮೇಲಿನಿಂದಲೇ ಚಿಕ್ಕ ಗೇರಿನಲ್ಲಿ ಇಳಿಸಿ.

ಪ್ರಶ್ನೆ: ಚೈನಿನ ಒಂದು ಕೊಂಡಿ ತುಂಡಾಗಿದೆ. ವೆಲ್ಡಿಂಗ್ ಮಾಡಿಸಬಹುದಾ?

ಉತ್ತರ: ಬೇಡ. ನಾನೂ ಮಾಡಿಸಿ ಕೆಟ್ಟವನೇ. ಮೂರು ದಿನ ತಡೆಯಿತು. ನಾಲ್ಕನೇ ದಿನ ಬೆಸುಗೆಯ ಪಕ್ಕದಲ್ಲೇ ಕಿತ್ತುಬಂತು, ಚಕ್ರ ಒಂದು ಸುತ್ತು ಬಂದರೆ ಮಡ್‌ಗಾರ್ಡಿಗೆ ಒಂದು ಏಟು, ಟಪ್, ಟಪ್ ಅಂತ. ನಿಲ್ಲಿಸುವಷ್ಟರಲ್ಲಿ ತಗಡು ಮಡಿಸಿ ಹೋಗಿತ್ತು. ಈ ಕೊಂಡಿಗಳಿಗೆ ಬೆಂಕಿಯಲ್ಲಿ ಹದ ಕೊಟ್ಟಿರುತ್ತಾರೆ, ಮೇಲ್ಮೈ ಗಟ್ಟಿ, ಒಳಗೆ ಬಾಗುವ ಗುಣ. ವೆಲ್ಡಿಂಗ್ ಶಾಖಕ್ಕೆ ಆ ಹದ ಹೋಗುತ್ತದೆ. ಅದೇ ಅಳತೆಯ ರಿಪೇರಿ ಕೊಂಡಿ ಸಿಗುತ್ತದೆ, ನಾಲ್ಕು ತಂದು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. ಕೊಂಡಿಗಳು ಸವೆದು ಅರ್ಧ ದಪ್ಪಕ್ಕೆ ಬಂದಿದ್ದರೆ ಮಾತ್ರ ರಿಪೇರಿಗೆ ದುಡ್ಡು ಹಾಕಬೇಡಿ, ಹೊಸದೇ ತನ್ನಿ. ಮಳೆಗಾಲ ಮುಗಿದ ಮೇಲೆ ಕೆಸರು ತೊಳೆದು, ಬಿಸಿಲಲ್ಲಿ ಒಣಗಿಸಿ, ಹಳೇ ಇಂಜಿನ್ ಆಯಿಲ್ ಸವರಿ ತೂಗುಹಾಕಿ. ಕೊಟ್ಟಿಗೆ ಮೂಲೆಯಲ್ಲಿ ಗುಡ್ಡೆ ಹಾಕಬೇಡಿ, ಸಗಣಿ ನೀರು ಹರಿಯುವ ಕಡೆಯಂತೂ ಬೇಡವೇ ಬೇಡ.